ಕರಡು ಹಾಳೆ, ಕೈಕೂಸು, ಕಡುಬಿಸಿಲು: ಇನ್ನೂ ಎಂಟು ದಿನ ಇದೆ, ಹೇಗೆ ಕಳೆಯಲಿ?

ಕರಡುಪ್ರತಿ | 3ನೇ ದಿನ, ರಾತ್ರಿ 11:20

ಮೊದಲೇ ಹೇಳಿಬಿಡುತ್ತೇನೆ, ಇದು ಅರ್ಧ ಗೋಳು, ಅರ್ಧ ಪ್ರಶ್ನೆ.

ನಾನು ಕತೆ ಬರೆಯುವವಳು. ಗಂಡ, ನಾಲ್ಕೂವರೆ ವರ್ಷದ ಮಗಳು, ಹತ್ತು ತಿಂಗಳ ಮಗ, ನಾನು, ನಾಲ್ವರೂ ಹನ್ನೊಂದು ದಿನಕ್ಕೆಂದು ಸಮುದ್ರದ ಪಕ್ಕದ ಒಂದು ಬಿಸಿಲೂರಿಗೆ ಬಂದಿದ್ದೇವೆ. ಹೊರಡುವ ಹಿಂದಿನ ದಿನವೇ ನನ್ನ ಕಥಾ ಸಂಕಲನದ ಕರಡು ಬರಬೇಕಾ! 184 ಪುಟ. ವಾಪಸ್ ಹೋದ ಮಾರನೇ ದಿನ ತಿದ್ದಿ ಕೊಡಬೇಕು. ಬ್ಯಾಗಿಗೆ ಹಾಕಿಕೊಂಡೆ. ಮಧ್ಯಾಹ್ನ ಮಕ್ಕಳಿಬ್ಬರೂ ಮಲಗುತ್ತಾರೆ, ಎರಡು ಗಂಟೆ ಸಿಕ್ಕೇ ಸಿಗುತ್ತದೆ, ದಿನಕ್ಕೆ 20 ಪುಟ ಅಂದರೂ ಹತ್ತು ದಿನದೊಳಗೆ ಮುಗಿಯಿತು ಅಂತ ಲೆಕ್ಕ.

ಮೂರು ದಿನದಲ್ಲಿ ಆಗಿರುವುದು 11 ಪುಟ.

ಮೊದಲ ದಿನ ಆರಾಮಾಗಿ ಎದ್ದು ಹನ್ನೊಂದು ಗಂಟೆಗೆ ಬೀಚಿಗೆ ಹೋದೆವು. ಮರಳಿನ ಮೇಲೆ ಕಾಲಿಟ್ಟ ಮಗಳು ಅಲ್ಲೇ ಕುಣಿದಳು, ಖುಷಿಗಲ್ಲ. ಎತ್ತಿಕೊಂಡು ಕಾರಿಗೆ ಓಡಿ ಬಂದು, ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರೆ ಕಿರುಚಿದಳು. ಬಿಸಿಲಿಗೆ ಕಾದ ಬಕಲ್ ತೊಡೆಗೆ ತಾಗಿತ್ತು. ಮೂಲೆ ಸಮೇತ ಬಕಲ್‌ನದೇ ಆಕಾರದ ಕೆಂಪು ಗುರುತು. ಈಗ ಅದನ್ನು ಸಿಕ್ಕವರಿಗೆಲ್ಲ ತೋರಿಸುತ್ತಾಳೆ, ವಾಚ್‌ಮನ್‌ನನ್ನೂ ಬಿಟ್ಟಿಲ್ಲ.

ಎರಡನೇ ದಿನದ್ದು ಬರೆಯಲು ಕೈ ನಡುಗುತ್ತದೆ. ಮಗನನ್ನು ಸ್ಟ್ರಾಲರ್‌ನಲ್ಲಿ ಮಲಗಿಸಿ, ಬಿಸಿಲು ಬೀಳದಿರಲಿ ಅಂತ ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಿದ್ದೆ. ಪಾಪು ನಿದ್ದೆ ಮಾಡುತ್ತಿದೆ ಅಂತ ಸುಮ್ಮನಿದ್ದೆವು. ಮುಕ್ಕಾಲು ಗಂಟೆ ಆದ ಮೇಲೆ ಎತ್ತಿ ನೋಡಿದರೆ ಮುಖ ಕೆಂಪಗಿದೆ, ಕೂದಲು ನೆತ್ತಿಗೆ ಅಂಟಿದೆ. ಕರೆದರೆ ಕಣ್ಣು ಬಿಡುತ್ತಾನೆ, ಮತ್ತೆ ಮುಚ್ಚುತ್ತಾನೆ. ಬೆಳಗ್ಗೆ ಏಳಕ್ಕೆ ಹಾಕಿದ ಡೈಪರ್ ಮಧ್ಯಾಹ್ನ ಒಂದೂವರೆಗೂ ಒಣಗೇ ಇತ್ತು. ಹತ್ತಿರದ ಕ್ಲಿನಿಕ್‌ಗೆ ಓಡಿದೆವು. ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಮಲಗಿಸಿ, ಚಮಚ ಚಮಚವಾಗಿ ಓಆರ್‌ಎಸ್ ಕೊಟ್ಟರು. ಎರಡು ಗಂಟೆಯಲ್ಲಿ ಸ್ಟೆತಾಸ್ಕೋಪ್ ಎಳೆಯುವಷ್ಟು ಚುರುಕಾದ. ಇವತ್ತು ಪೂರ್ತಿ ಸರಿ ಇದ್ದಾನೆ.

ರೂಮಿನ ಕತೆ ಬೇರೆ. ಕೊನೇ ಮಹಡಿ, ಪಡುವಣ ಕಿಟಕಿ, ಸಮುದ್ರ ಚೆನ್ನಾಗಿ ಕಾಣುತ್ತದೆ. ಎಸಿ ಇದೆ ಎಂದಿದ್ದರು. ಇದೆ. ಬರುವುದು ಗಾಳಿ ಮಾತ್ರ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ.

ಗಂಡ ನಾಳೆಯೇ ವಾಪಸ್ ಹೋಗೋಣ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಇಂಥ ಊರಲ್ಲಿ ದಿನ ಹೇಗೆ ಕಳೆಯುತ್ತೀರಿ? ಆ ಕರಡಿಗೆ ಏನು ಮಾಡಲಿ?

ಮೂವರಪ್ಪ

ಮೊದಲು ಸ್ವಲ್ಪ ಸುಧಾರಿಸಿಕೊಳ್ಳಿ ಮೇಡಂ. ಮಗು ಹುಷಾರಾಗಿದೆ ತಾನೇ, ಉಳಿದದ್ದೆಲ್ಲ ಆಮೇಲೆ.

ಮೊದಲ ಮಗುವಿನ ಕಾಲದಲ್ಲಿ ನಾನೂ "ಇಷ್ಟು ದೂರ ಬಂದಿದ್ದೀವಿ, ಎಲ್ಲ ನೋಡೇ ಹೋಗಬೇಕು" ಅನ್ನುವ ಗಿರಾಕಿಯೇ. ಮೂರನೇದು ಹುಟ್ಟುವ ಹೊತ್ತಿಗೆ ಬುದ್ಧಿ ಬಂತು. ಈಗ ಬಿಸಿಲೂರಿಗೆ ಹೋದರೆ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಹೊತ್ತು ನಮ್ಮದಲ್ಲ. ಆ ಆರು ಗಂಟೆಯನ್ನು ಬಿಸಿಲಿಗೇ ಬರೆದುಕೊಟ್ಟಿದ್ದೇವೆ. ಐದೂವರೆಗೆ ಏಳುವುದು, ಆರಕ್ಕೆ ನೀರಿನ ಹತ್ತಿರ, ಒಂಬತ್ತೂವರೆಗೆ ರೂಮು. ಮತ್ತೆ ಹೊರಗೆ ಕಾಲಿಡುವುದು ನಾಲ್ಕೂವರೆಗೆ. ನಡುವೆ ಯಾವ ಪ್ಲಾನೂ ಇಲ್ಲ. "ಮ್ಯೂಸಿಯಂ ಒಳಗೆ ತಂಪಾಗಿರುತ್ತಲ್ಲ" ಅಂತ ಯಾರಾದರೂ ಆಸೆ ಹುಟ್ಟಿಸಿದರೂ ಇಲ್ಲ. ಮ್ಯೂಸಿಯಂ ಒಳಗೆ ತಂಪೇ, ಅಲ್ಲಿಗೆ ಹೋಗುವ ದಾರಿ ತಂಪಲ್ಲ.

ಗಡಿಯಾರವೂ ಬೇಡ ಅಂದರೆ ನೆರಳು ನೋಡಿ. ನೆರಳು ನಿಮಗಿಂತ ಉದ್ದ ಇದ್ದರೆ ಆಟ, ಗಿಡ್ಡ ಆದರೆ ಮನೆ. ಸೂರ್ಯ 45 ಡಿಗ್ರಿ ದಾಟಿ ಮೇಲೆ ಬಂದಾಗ ನೆರಳು ನಮಗಿಂತ ಗಿಡ್ಡವಾಗುತ್ತದೆ. ಚರ್ಮ ಸುಡುವ ಕಿರಣಗಳ ಹೊತ್ತು ಅದು. ನಾಲ್ಕೂವರೆ ವರ್ಷದವಳಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. "ಹತ್ತು ಗಂಟೆ ಆಯ್ತು ನಡಿ" ಅಂದರೆ ನಿಮ್ಮ ಜೊತೆ ಜಗಳ. "ನಿನ್ನ ನೆರಳು ಗಿಡ್ಡ ಆಯ್ತು" ಅಂದರೆ ಜಗಳ ಸೂರ್ಯನ ಜೊತೆ.

ರಾತ್ರಿಪಾಳಿ

ಮಕ್ಕಳ ವಾರ್ಡಿನಲ್ಲಿ 14 ವರ್ಷದಿಂದ ನರ್ಸ್ ಆಗಿದ್ದೇನೆ. ಪಾಳಿ ಮುಗಿಸಿ ಈಗ ಬಂದೆ, ಉದ್ದ ಆದರೆ ಕ್ಷಮಿಸಿ.

ಆ ಬಟ್ಟೆಯ ವಿಷಯ ಅಕ್ಕ. ನಿಮ್ಮನ್ನು ಬೈಯಲು ಹೇಳುತ್ತಿಲ್ಲ, ಹತ್ತರಲ್ಲಿ ಎಂಟು ಜನ ಮಾಡುವುದು ಅದನ್ನೇ. ಬಟ್ಟೆ ಬಿಸಿಲು ತಡೆಯುತ್ತದೆ, ಜೊತೆಗೆ ಗಾಳಿಯನ್ನೂ ತಡೆಯುತ್ತದೆ. ಮಗುವಿನ ಮೈಬಿಸಿ ಒಳಗೇ ಉಳಿಯುತ್ತದೆ. ಸಿಡ್ನಿ ವಿಶ್ವವಿದ್ಯಾಲಯದವರು 2023ರಲ್ಲಿ ಇದನ್ನು ಅಳೆದು ನೋಡಿದ್ದರು. ಒಣ ಬಟ್ಟೆ ಹೊದಿಸಿದರೆ ಸ್ಟ್ರಾಲರ್ ಒಳಗೆ 2.5 ಡಿಗ್ರಿಗೂ ಜಾಸ್ತಿ ಏರಿತು. ಅದೇ ಬಟ್ಟೆ ಒದ್ದೆ ಮಾಡಿ, ಒಂದು ಪುಟ್ಟ ಫ್ಯಾನ್ ಇಟ್ಟರೆ ಸುಮಾರು 5 ಡಿಗ್ರಿ ಇಳಿಯಿತು. ಒದ್ದೆ ಬಟ್ಟೆ ಬೇಗ ಒಣಗುತ್ತದೆ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಚಿಮುಕಿಸುತ್ತಿರಬೇಕು. ಮಗುವಿನ ಮುಖ ನಿಮಗೆ ಕಾಣುತ್ತಲೇ ಇರಬೇಕು. ಕಾಣದ ಮಗು ನಿದ್ದೆ ಮಾಡುತ್ತಿದೆ ಅಂತಲೇ ನಮಗೆ ಅನಿಸುವುದು.

ಇನ್ನೊಂದು. ಹವಾಮಾನ ವರದಿಯಲ್ಲಿ 34 ಡಿಗ್ರಿ ಅಂದರೆ ಅದು ನೆರಳಿನಲ್ಲಿ, ನೆಲದಿಂದ ನಮ್ಮ ಎದೆಮಟ್ಟಕ್ಕೋ ತಲೆಮಟ್ಟಕ್ಕೋ ಇಟ್ಟ ಥರ್ಮಾಮೀಟರ್‌ನ ಲೆಕ್ಕ. ಸ್ಟ್ರಾಲರ್ ಇರುವುದು ಮೊಣಕಾಲ ಹತ್ತಿರ, ಕಾದ ನೆಲದ ಪಕ್ಕದಲ್ಲಿ. ನೀವು ಮತ್ತು ಮಗ ಒಂದೇ ರಸ್ತೆಯಲ್ಲಿ ಹೋದರೂ ಒಂದೇ ಸೆಖೆಯಲ್ಲಿ ಇರುವುದಿಲ್ಲ.

ಡೈಪರ್ ಲೆಕ್ಕ ಇಟ್ಟಿದ್ದೀರಲ್ಲ, ಅದು ತುಂಬ ಒಳ್ಳೆಯದು. ಆರೆಂಟು ಗಂಟೆ ಒಣಗಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಬಾಯಿ ಅಂಟಂಟಾಗಿದ್ದರೆ, ನೆತ್ತಿ ಒಳಕ್ಕೆ ಕುಸಿದ ಹಾಗಿದ್ದರೆ ತಡ ಮಾಡಬೇಡಿ. ಮಂಕಾಗಿ ಕರೆದರೂ ಏಳದೆ, ಮೈ ಕೆಂಡದ ಹಾಗಿದ್ದರೆ ಅದು ತುರ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿ, ಬರುವವರೆಗೂ ಬಟ್ಟೆ ಬಿಚ್ಚಿ ತಣ್ಣೀರು ಸುರಿದು ಗಾಳಿ ಹಾಕುತ್ತಿರಿ. ಪ್ಯಾರಸಿಟಮಾಲ್ ಕೊಟ್ಟು ಕಾಯಬೇಡಿ. ಅದು ಸೋಂಕಿನ ಜ್ವರ ಇಳಿಸುತ್ತದೆ, ಬಿಸಿಲಿನಿಂದ ಏರಿದ ಮೈಬಿಸಿಯನ್ನಲ್ಲ.

ಓಆರ್‌ಎಸ್ ಪೊಟ್ಟಣದ ಮೇಲೆ 1 ಲೀಟರ್ ಅಂದಿದ್ದರೆ ಪೂರ್ತಿ ಪೊಟ್ಟಣಕ್ಕೆ ಪೂರ್ತಿ 1 ಲೀಟರ್. "ಮಗು ಚಿಕ್ಕದು, ಅರ್ಧ ಗ್ಲಾಸಿಗೆ ಒಂದು ಚಿಟಿಕೆ ಸಾಕು" ಅಂತ ಅಂದಾಜು ಮಾಡಬೇಡಿ. ಉಪ್ಪು ಸಕ್ಕರೆಯ ಅಳತೆಯೇ ಅದರ ಔಷಧ. 24 ಗಂಟೆ ಆದ ಮೇಲೆ ಚೆಲ್ಲಿ. ನಮ್ಮ ವಾರ್ಡಿಗೆ ಹೊಸದಾಗಿ ಬಂದವರಿಗೆ ನಾನು ಹೇಳುವುದಿದೆ: 1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು, ಡ್ರಿಪ್ ಬಾಟಲಿ ಖಾಲಿಯಾದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್‌ಗಳಲ್ಲಿ ಇದೇ ಉಪ್ಪು ಸಕ್ಕರೆ ನೀರು ಕಲಸಿ, ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಚಮಚದಲ್ಲಿ ಕುಡಿಸುವುದು ಅಂದರೆ ಚಿಕ್ಕ ಚಿಕಿತ್ಸೆ ಅಂದುಕೊಳ್ಳಬೇಡಿ.

ನಿಮ್ಮ ಮಗನಿಗೆ ಹತ್ತು ತಿಂಗಳಾದ್ದರಿಂದ ಹಾಲಿನ ಜೊತೆ ಆಗಾಗ ನೀರು ಕೊಡಬಹುದು. ಇದನ್ನು ಓದುವ ಬೇರೆಯವರಿಗೆ: ಆರು ತಿಂಗಳೊಳಗಿನ ಮಗುವಿಗೆ ಸೆಖೆ ಅಂತ ಬರೀ ನೀರು ಕುಡಿಸಬಾರದು. ಹಾಲೇ ಜಾಸ್ತಿ ಸಲ ಕೊಡಿ.

ಮಗಳ ಸುಟ್ಟ ಗಾಯ ಬೊಬ್ಬೆ ಎದ್ದಿದೆಯಾ?

ಕರಡುಪ್ರತಿ

ಬೊಬ್ಬೆ ಇಲ್ಲ ಸಿಸ್ಟರ್, ಬರೀ ಕೆಂಪು. ತಣ್ಣೀರು ಹಾಕಿದ್ದೆ, ಒಂದೆರಡು ನಿಮಿಷ ಅಷ್ಟೇ. ನೀವು ಬರೆದದ್ದನ್ನು ಗಂಡನಿಗೆ ಓದಿ ಹೇಳಿದೆ. ಆ ಹತ್ತಿ ಬಟ್ಟೆಯನ್ನು ಅವರೇ ಮಡಚಿ ಸೂಟ್‌ಕೇಸಿನ ತಳಕ್ಕೆ ಹಾಕಿದರು, ಸಾಕ್ಷಿ ಬಚ್ಚಿಡುವವರ ಹಾಗೆ. ತೆಗೆದು ಒದ್ದೆ ಮಾಡಿದ್ದೇನೆ.

ರಾತ್ರಿಪಾಳಿ

ಮುಂದೆ ಎಂದಾದರೂ ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ. ಐಸ್ ಬೇಡ, ಪೇಸ್ಟ್ ಬೇಡ. ಕಾರು ನಿಲ್ಲಿಸುವಾಗ ಸೀಟಿನ ಮೇಲೆ ತಿಳಿ ಬಣ್ಣದ ಟವೆಲ್ ಹಾಸಿ, ಬಕಲ್ ಅದರ ಅಡಿಗೆ ಸೇರಿಸಿ. "ಒಂದೇ ನಿಮಿಷ" ಅಂತ ಮಕ್ಕಳನ್ನು ಕಾರಿನಲ್ಲಿ ಬಿಟ್ಟು ಇಳಿಯಲೇಬೇಡಿ. ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ 11 ಡಿಗ್ರಿಯಷ್ಟು ಏರುತ್ತದೆ. ಕಿಟಕಿ ಎರಡು ಬೆರಳು ಇಳಿಸಿಟ್ಟರೂ ಹೆಚ್ಚು ಕಮ್ಮಿ ಅಷ್ಟೇ.

ಸುಮ್ನೆಕೇಳ್ದೆ

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಹತ್ತು ತಿಂಗಳ ಮಗುವಿಗೆ ಪ್ರವಾಸ ಯಾಕೆ? ದೊಡ್ಡದಾದ ಮೇಲೆ ಒಂದು ಚೂರೂ ನೆನಪಿರುವುದಿಲ್ಲ. ಅದರಲ್ಲೂ ಕೆಲಸ ಬೇರೆ ಹೊತ್ತುಕೊಂಡು ಹೋಗಿದ್ದೀರಿ. ರಜೆಯೂ ಅಲ್ಲ, ಕೆಲಸವೂ ಅಲ್ಲ. ಮನೆಯಲ್ಲೇ ಇದ್ದಿದ್ದರೆ ಎರಡೂ ಸರಿಯಾಗಿ ಆಗುತ್ತಿತ್ತಲ್ವಾ?

ಹಳೇಸೂಟ್‌ಕೇಸ್

ಮಗುವಿಗೆ ನೆನಪಿರುವುದಿಲ್ಲ, ನಿಜ. ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ಆದರೆ ಅಮ್ಮನಿಗೂ ಒಂದು ರಜೆ ಬೇಕಪ್ಪಾ. ನನಗೆ ಈಗ 67. ನನ್ನ ಮಗ ಮೊದಲ ಸಲ ಅಲೆ ನೋಡಿ ಅದಕ್ಕೆ ಟಾಟಾ ಮಾಡಿದ್ದು ಅವನಿಗೆ ಗೊತ್ತಿಲ್ಲ. ಅಲೆ ವಾಪಸ್ ಹೋಯಿತಲ್ಲ, ಅದಕ್ಕೆ. ಅದು ನನ್ನ ಹತ್ತಿರ ಇದೆ, ಅವನಿಗೆ ಕೊಡುವುದೂ ಇಲ್ಲ.

ಕೆಲಸದ ಮಾತಿಗೆ ಬಂದರೆ, ಮನೆಯಲ್ಲಿದ್ದರೆ ಎರಡೂ ಆಗುತ್ತದೆ ಅಂದವರು ಹತ್ತು ತಿಂಗಳ ಮಗು ಇರುವ ಮನೆ ನೋಡಿಲ್ಲ ಅಂತ ಕಾಣುತ್ತದೆ.

ಸುಮ್ನೆಕೇಳ್ದೆ

ನೋಡಿಲ್ಲ, ಒಪ್ಪಿದೆ 🙏

ಗಾರೆಕೆಲಸ

ರೂಮಿನ ಬಗ್ಗೆ ಯಾರೂ ಮಾತಾಡಿಲ್ಲ, ನನ್ನ ಹೊಟ್ಟೆಪಾಡೇ ಅದು. ಕೊನೇ ಮಹಡಿ ಅಂದರೆ ನಿಮ್ಮ ತಲೆಯ ಮೇಲಿರುವುದು ದಿನವಿಡೀ ಕಾದ ಕಾಂಕ್ರೀಟ್ ಚಪ್ಪಡಿ. ಕಾಂಕ್ರೀಟು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ. ಪಡುವಣ ಗೋಡೆಯದೂ ಅದೇ ಕತೆ, ಸಂಜೆಯ ಓರೆ ಬಿಸಿಲು ನೇರ ಗೋಡೆಗೇ ಬೀಳುತ್ತದೆ. ಎಸಿ ಸರಿ ಇದ್ದರೂ ಮೊದಲು ಗೋಡೆಯ ಜೊತೆ ಗುದ್ದಾಡಿ, ಉಳಿದದ್ದು ನಿಮಗೆ.

ಸಮುದ್ರ ಕಾಣುವ ಆಸೆ ಬಿಟ್ಟು ನಡು ಮಹಡಿಯ, ಮೂಡಣದ ರೂಮು ಕೇಳಿ. ಸಿಗದಿದ್ದರೆ ಬೆಳಗ್ಗೆ ಎಂಟರ ಮೇಲೆ ಕಿಟಕಿ, ಪರದೆ ಎರಡೂ ಮುಚ್ಚಿ. ಪರದೆಗಿಂತ ಹೊರಗಡೆ ಏನಾದರೂ ಕಟ್ಟಲು ಆದರೆ ಇನ್ನೂ ಒಳ್ಳೆಯದು. ಬಿಸಿಲನ್ನು ಗಾಜಿನ ಆಚೆಯೇ ತಡೆಯಬೇಕು, ಒಳಗೆ ಬಂದ ಮೇಲೆ ತಡೆದು ಏನು ಲಾಭ? ರಾತ್ರಿ ಹೊರಗೆ ತಂಪಾದ ಮೇಲೆ ಎದುರು ಬದುರು ಕಿಟಕಿ ತೆಗೆಯಿರಿ.

ಎಸಿ ಬಗ್ಗೆ ರಿಸೆಪ್ಷನ್‌ನಲ್ಲಿ "ಸರಿಯಿಲ್ಲ" ಅನ್ನಬೇಡಿ, "ಇದ್ಯಲ್ಲ ಮೇಡಂ" ಅನ್ನುತ್ತಾರೆ. ರೂಮಿಗೆ ಕರೆದುಕೊಂಡು ಬಂದು ಹತ್ತು ನಿಮಿಷ ಕೂರಿಸಿ.

ಕರಡುಪ್ರತಿ | 4ನೇ ದಿನ, ಮಧ್ಯಾಹ್ನ 2:10

ಗಾರೆಕೆಲಸ ಅವರೇ, ಕೂರಿಸಿದೆ! ಏಳು ನಿಮಿಷಕ್ಕೆ ಕಾಲರ್ ಸಡಿಲ ಮಾಡಿಕೊಂಡರು. ಈಗ ಎರಡನೇ ಮಹಡಿಯಲ್ಲಿದ್ದೇವೆ. ಕಿಟಕಿಯಿಂದ ಕಾಣುವುದು ನೀರಿನ ಟ್ಯಾಂಕು ಮತ್ತು ಬಟ್ಟೆ ಒಣಹಾಕಿದ ಹಗ್ಗ. ಆದರೆ ಎಸಿ ತಣ್ಣಗೆ ಬರುತ್ತಿದೆ, ಮಗ ಈಗ ಎರಡು ಗಂಟೆಯಿಂದ ಮಲಗಿದ್ದಾನೆ. ಮಗಳು ಮಾತ್ರ ಮಲಗಿಲ್ಲ. ಪಕ್ಕದಲ್ಲೇ ಕೂತು "ನಾನೂ ತಿದ್ತೀನಿ" ಅನ್ನುತ್ತಿದ್ದಾಳೆ. ಪುಟ 19ರಲ್ಲಿ ಒಂದು ಮೀನು ಈಜುತ್ತಿದೆ.

ಅಲೆಎಣಿಸುವವ

ಈಜು ಕಲಿಸುವುದು ನನ್ನ ಕೆಲಸ, ಮುಂಚೆ ಬೀಚಿನಲ್ಲಿ ಜೀವರಕ್ಷಕನಾಗಿದ್ದೆ. ಇಲ್ಲಿ ಎಲ್ಲರೂ ಬಿಸಿಲಿನ ಬಗ್ಗೆ ಬರೆದರು, ನೀರಿನ ಬಗ್ಗೆ ಒಬ್ಬರೂ ಬರೆದಿಲ್ಲ. ಬಿಸಿಲು ಸೂಚನೆ ಕೊಟ್ಟು ಬರುತ್ತದೆ. ನೀರು ಕೊಡುವುದಿಲ್ಲ.

ಮುಳುಗುವವರು ಕೈ ಬೀಸಿ ಕೂಗುತ್ತಾರೆ ಅನ್ನುವುದು ಸಿನಿಮಾದಲ್ಲಿ. ಚಿಕ್ಕ ಮಕ್ಕಳು ಸದ್ದೇ ಮಾಡುವುದಿಲ್ಲ. ಉಸಿರಿಗೇ ಪುರುಸೊತ್ತಿಲ್ಲದಾಗ ಕೂಗುವುದು ಎಲ್ಲಿಂದ? ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಮೈ ನೆಟ್ಟಗೆ, ಕಾಣದ ಏಣಿ ಹತ್ತುತ್ತಿರುವ ಹಾಗೆ. ಒಂದು ನಿಮಿಷವೂ ಬೇಕಾಗಿಲ್ಲ. ದಡದಲ್ಲಿ ನಾಲ್ಕು ಜನ ದೊಡ್ಡವರಿದ್ದಾಗಲೇ ಇದು ಆಗುವುದು, ಯಾಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ.

ಅದಕ್ಕೆ ನಾನು ಎಲ್ಲರಿಗೂ ಹೇಳುವುದು ಕಾವಲು ಟೋಪಿ. ಯಾವುದಾದರೂ ಒಂದು ಟೋಪಿ ಇಟ್ಟುಕೊಳ್ಳಿ. ಅದು ಯಾರ ತಲೆ ಮೇಲಿದೆಯೋ ಅವರು ಮಕ್ಕಳನ್ನು ನೋಡುತ್ತಾರೆ. ಅವರ ಕೈಯಲ್ಲಿ ಫೋನ್ ಇಲ್ಲ, ಪುಸ್ತಕ ಇಲ್ಲ, ನಿಮ್ಮ ಕರಡಂತೂ ಇಲ್ಲವೇ ಇಲ್ಲ. ಬೇರೆ ಕೆಲಸ ಬಂದರೆ ಟೋಪಿಯನ್ನು ಇನ್ನೊಬ್ಬರ ತಲೆಗೆ ಹಾಕಿ, "ತಗೊಂಡೆ" ಅಂತ ಬಾಯಲ್ಲಿ ಅನ್ನಿಸಿಯೇ ಹೋಗಬೇಕು. ಹತ್ತಿಪ್ಪತ್ತು ನಿಮಿಷಕ್ಕೆ ಬದಲಾಯಿಸಿ, ಅದಕ್ಕಿಂತ ಜಾಸ್ತಿ ಹೊತ್ತು ಯಾರ ಗಮನವೂ ನಿಲ್ಲುವುದಿಲ್ಲ. ಇಷ್ಟು ಚಿಕ್ಕ ಮಕ್ಕಳಾದರೆ ಟೋಪಿ ಹಾಕಿದವರು ದಡದಲ್ಲಲ್ಲ, ನೀರಿನಲ್ಲಿ, ಕೈಗೆ ಸಿಗುವಷ್ಟು ಹತ್ತಿರ.

ಮಗಳ ಈಜುಡುಗೆ ಯಾವ ಬಣ್ಣ? ನೀಲಿ, ಬಿಳಿ ಆದರೆ ಬದಲಾಯಿಸಿ, ನೀರಿನೊಳಗೆ ಕರಗಿಹೋಗುತ್ತದೆ. ಕಣ್ಣಿಗೆ ಹೊಡೆಯುವ ಕಿತ್ತಳೆ, ಕಡು ಗುಲಾಬಿ ಒಳ್ಳೆಯದು. ಗಾಳಿ ತುಂಬಿದ ಬಾತುಕೋಳಿ ಪಾತುಕೋಳಿ ಸಮುದ್ರಕ್ಕೆ ತರಬೇಡಿ. ದಡದಿಂದ ಗಾಳಿ ಬೀಸಿದರೆ ನೀವು ಈಜುವುದಕ್ಕಿಂತ ಬೇಗ ಅದು ಆಚೆ ಹೋಗುತ್ತದೆ.

ಕೊನೇದು. ಎರಡು ಕಡೆ ಅಲೆ ಒಡೆದು ಬಿಳಿ ನೊರೆ ಬರುತ್ತಿರುತ್ತದೆ, ನಡುವೆ ಒಂದು ಪಟ್ಟಿ ಸುಮ್ಮನೆ, ಸ್ವಲ್ಪ ಕಪ್ಪಗೆ ಇರುತ್ತದೆ. "ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೆಯದು" ಅಂತ ಎಲ್ಲರೂ ಅಲ್ಲೇ ಇಳಿಸುತ್ತಾರೆ. ಅದೇ ಸೆಳೆತದ ದಾರಿ. ದಡಕ್ಕೆ ಬಂದ ನೀರು ವಾಪಸ್ ಹೋಗುವುದು ಅಲ್ಲಿಂದ. ಸಿಕ್ಕಿಕೊಂಡರೆ ದಡದ ಕಡೆಗೆ ಎದುರೀಜಬೇಡಿ, ಸುಸ್ತಾಗುತ್ತೀರಿ. ತೇಲಿ, ಕೈ ಎತ್ತಿ, ಆಮೇಲೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಮೊದಲು ಜೀವರಕ್ಷಕರನ್ನು ಕೇಳಿ, ಆಮೇಲೆ ಚಪ್ಪಲಿ ಬಿಚ್ಚಿ.

ರೂಮಿನ ಬಾತ್‌ರೂಮಿನಲ್ಲಿ ತುಂಬಿಟ್ಟ ಬಕೆಟ್ ಇದೆಯಾ? ಚೆಲ್ಲಿ ಬನ್ನಿ, ಆಮೇಲೆ ಮುಂದೆ ಓದಿ.

ಕರಡುಪ್ರತಿ

ಇತ್ತು. ಚೆಲ್ಲಿದೆ. ಮಗ ಅಂಬೆಗಾಲಿಟ್ಟು ಬಾತ್‌ರೂಮ್ ಬಾಗಿಲವರೆಗೆ ಹೋಗುತ್ತಾನೆ ಅಂತ ನಿನ್ನೆ ಹೆಮ್ಮೆಯಿಂದ ವಿಡಿಯೋ ಮಾಡಿದ್ದೆ.

ಈಜುಡುಗೆ ತಿಳಿ ನೀಲಿ.

ಮೂವರಪ್ಪ

ಕಾವಲು ಟೋಪಿ ನಮ್ಮ ಮನೆಗೂ ಬಂತು. ಥ್ಯಾಂಕ್ಸ್ ಗುರುಗಳೇ.

ಬಿಸಿಲುಮಗ

ನಾವು ಬಿಸಿಲಲ್ಲೇ ಹುಟ್ಟಿ ಬೆಳೆದವರು, ಇಷ್ಟೆಲ್ಲ ಹೆದರಿಕೆ ಯಾಕೋ ಗೊತ್ತಾಗುತ್ತಿಲ್ಲ. ಸನ್‌ಸ್ಕ್ರೀನ್ ಎಲ್ಲ ಬಿಳಿ ತೊಗಲಿನವರಿಗೆ. ನಾಲ್ಕು ದಿನ ಇದ್ದರೆ ಮೈ ಒಗ್ಗುತ್ತದೆ.

ರಾತ್ರಿಪಾಳಿ

ಒಗ್ಗುತ್ತದೆ ಅನ್ನುವುದು ನಿಜ ಅಣ್ಣ, ನಾಲ್ಕು ದಿನದಲ್ಲಲ್ಲ. ಸೆಖೆಗೆ ಮೈ ಪೂರ್ತಿ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಇವರು ಬಂದಿರುವುದೇ ಹನ್ನೊಂದು ದಿನಕ್ಕೆ. ಒಗ್ಗುವ ಹೊತ್ತಿಗೆ ವಾಪಸ್ ಹೊರಟಿರುತ್ತಾರೆ.

ಕಪ್ಪು ಚರ್ಮ ಬೇಗ ಸುಡುವುದಿಲ್ಲ, ಅಷ್ಟು ಮಾತ್ರ ಸರಿ. ಸುಡುವುದೇ ಇಲ್ಲ ಅಂತಲ್ಲ. ಯುವಿ ಸೂಚ್ಯಂಕ, ಅಂದರೆ ಬಿಸಿಲಿನ ಸುಡುವ ಕಿರಣಗಳ ಅಳತೆ, 3 ಮುಟ್ಟಿದರೆ ರಕ್ಷಣೆ ಬೇಕು, ಬಿಸಿಲೂರಿನಲ್ಲಿ ಅದು ಬೆಳಗಿನಲ್ಲೇ ದಾಟುತ್ತದೆ. ಸನ್‌ಸ್ಕ್ರೀನ್ ಮೇಲೆ ಎಸ್‌ಪಿಎಫ್ 30 ಅಂತಿದ್ದರೆ ಆ ಕಿರಣಗಳಿಗೆ ಸುಮಾರು 97 ಪ್ರತಿಶತ ತಡೆ, 50 ಅಂದರೆ 98. ಆ ಒಂದು ಪ್ರತಿಶತಕ್ಕಿಂತ ಎಷ್ಟು ಹಚ್ಚುತ್ತೀರಿ ಅನ್ನುವುದು ಮುಖ್ಯ. ಎಲ್ಲರೂ ಬೇಕಾದುದರ ಅರ್ಧವೂ ಹಚ್ಚುವುದಿಲ್ಲ. ಎರಡು ಗಂಟೆಗೊಮ್ಮೆ, ನೀರಿನಿಂದ ಬಂದ ಮೇಲೆ ಮತ್ತೆ. ಆರು ತಿಂಗಳೊಳಗಿನವರಿಗೆ ಕ್ರೀಮಿಗಿಂತ ನೆರಳು ಮತ್ತು ಸಡಿಲ ಉದ್ದ ತೋಳಿನ ಅಂಗಿ. ನನ್ನನ್ನು ಕೇಳಿದರೆ ಎಲ್ಲ ಮಕ್ಕಳಿಗೂ ಮೊದಲು ಅಂಗಿ, ಆಮೇಲೆ ಕ್ರೀಮು. ಅಂಗಿ ಒರೆಸಿಕೊಂಡು ಹೋಗುವುದಿಲ್ಲ.

ಹೊರಗೆ ಹೋಗುವ ಹೊತ್ತು ಮುಂಜಾನೆ, ಮುಸ್ಸಂಜೆ ಅಂತ ಆಯಿತಲ್ಲ, ಡೆಂಗಿ ಸೊಳ್ಳೆ ಜಾಸ್ತಿ ಕಚ್ಚುವುದೂ ಬೆಳಗ್ಗೆ ಬೇಗ ಮತ್ತು ಸಂಜೆ ಕತ್ತಲಾಗುವ ಮುಂಚೆಯೇ. ಎರಡು ತಿಂಗಳು ದಾಟಿದ ಮಕ್ಕಳಿಗೆ ಡೀಟ್ (ಸೊಳ್ಳೆ ಓಡಿಸುವ ರಾಸಾಯನಿಕ) ಇರುವ ಮುಲಾಮು ಹಚ್ಚಬಹುದು, ಕೈಬೆರಳಿಗೆ, ಕಣ್ಣು ಬಾಯಿ ಹತ್ತಿರ ಬೇಡ. ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆ ಮುಲಾಮು. ಲೆಮನ್ ಯೂಕಲಿಪ್ಟಸ್ ಎಣ್ಣೆ ಮೂರು ವರ್ಷದೊಳಗಿನವರಿಗೆ ಬೇಡ.

ಮಸಿಕುಡಿಕೆ

ಮಕ್ಕಳ ವಿಷಯ ಸರಿಹೋಯಿತು. ಇನ್ನು ಕರಡು.

ನಾನೂ ಬರೆಯುವವನೇ, ಮನೆಯಲ್ಲಿ ಎರಡು ಇವೆ. ಮಧ್ಯಾಹ್ನವನ್ನು ನಂಬಬೇಡಿ. ಮಕ್ಕಳು ಮಲಗಿದರೂ ಆ ಸೆಖೆಯಲ್ಲಿ ನಿಮ್ಮ ತಲೆ ಓಡುವುದಿಲ್ಲ. ಅಕ್ಷರ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಏಳಿ. ಹೇಗೂ ಆರಕ್ಕೆ ಬೀಚಿಗೆ ಹೋಗುತ್ತೀರಿ, ಅದಕ್ಕೆ ಮುಂಚೆ ಒಂದು ಗಂಟೆ. ಮಧ್ಯಾಹ್ನ ಮಕ್ಕಳ ಜೊತೆ ನೀವೂ ಮಲಗಿ. ಇದು ಸೋಮಾರಿತನ ಅಲ್ಲ, ಬೆಳಗಿನ ಗಂಟೆಯ ಬಾಡಿಗೆ.

ಹೊಸದಾಗಿ ಏನೂ ಬರೆಯಲು ಹೋಗಬೇಡಿ. ತಿದ್ದುವ ಕೆಲಸ ತುಂಡು ತುಂಡಾಗಿ ಆಗುತ್ತದೆ, ಬರೆಯುವ ಕೆಲಸ ಆಗುವುದಿಲ್ಲ. ಕಾಗದವೇ ಒಳ್ಳೆಯದು. ಐಫೋನ್‌ಗೆ ಅದರ ಕಂಪನಿಯವರೇ 0 ರಿಂದ 35 ಡಿಗ್ರಿ ಅಂತ ಮಿತಿ ಹೇಳುತ್ತಾರೆ. ಬಿಸಿಲಲ್ಲಿ ಇಟ್ಟರೆ ಬಿಸಿಯಾಗಿದ್ದೇನೆ ಅಂತ ಬೋರ್ಡ್ ಹಾಕಿ ಕೂರುತ್ತದೆ. ನಾವು ಹಾಗೆ ಕೂರುವ ಹಾಗಿಲ್ಲ.

ಕರಡುಪ್ರತಿ | 7ನೇ ದಿನ, ಮಧ್ಯಾಹ್ನ 12:45

ಮೂರು ದಿನದಿಂದ ಬರೆಯಲಾಗಲಿಲ್ಲ. ಕಾರಣ ಒಳ್ಳೆಯದೇ.

ಗಂಡ ಈಗ ವಾಪಸ್ ಹೋಗುವ ಮಾತೆತ್ತುತ್ತಿಲ್ಲ. ನಾಲ್ಕೂವರೆಗೆ ಏಳುತ್ತೇನೆ. ಬಾತ್‌ರೂಮಿನ ದೀಪ ಹಾಕಿ, ಬಾಗಿಲು ಅರ್ಧ ಮುಚ್ಚಿ, ಮಡಚಿದ ಸ್ಟ್ರಾಲರ್ ಪಕ್ಕ ನೆಲದ ಮೇಲೆ ಕೂರುತ್ತೇನೆ. ಟೈಲ್ಸ್ ತಣ್ಣಗಿರುತ್ತದೆ, ಇಡೀ ದಿನದಲ್ಲಿ ಅಷ್ಟು ತಂಪು ಇನ್ನೆಲ್ಲೂ ಇಲ್ಲ. ಒಂದು ಗಂಟೆಗೆ 22 ಪುಟ ಆಗುತ್ತಿದೆ. ಇವತ್ತಿಗೆ 96.

ಆರಕ್ಕೆ ಬೀಚು. ಟೋಪಿ ಅಂದರೆ ಗಂಡನ ಹಳೇ ಕ್ರಿಕೆಟ್ ಟೋಪಿ, ಒಳಗೆ ಬೆವರಿನ ಬಿಳಿ ಉಪ್ಪುಗೆರೆ. "ತಗೊಂಡೆ" ಅಂತ ಅನ್ನದೆ ತಲೆಗೆ ಹಾಕಿಕೊಂಡರೆ ಮಗಳು ಬಿಡುವುದಿಲ್ಲ, ಅನ್ನಿಸಿಯೇ ತೀರುತ್ತಾಳೆ. ಮೊದಲ ದಿನ ನಾನು ಟೋಪಿ ಹಾಕಿಕೊಂಡು ಹತ್ತು ನಿಮಿಷ ಸುಮ್ನೆ ಅವಳನ್ನೇ ನೋಡುತ್ತಾ ನಿಂತೆ. ಕೈಯಲ್ಲಿ ಏನೂ ಇಲ್ಲ. ಅವಳು ಅಲೆ ಬಂದಾಗಲೆಲ್ಲ ಉಸಿರು ಹಿಡಿದು ಕೆನ್ನೆ ಉಬ್ಬಿಸುತ್ತಾಳೆ, ನೀರು ಬರುವುದು ಪಾದದವರೆಗೆ ಮಾತ್ರ. ಇದು ನನಗೆ ಗೊತ್ತೇ ಇರಲಿಲ್ಲ. ಮೊದಲೆರಡು ದಿನವೂ ಹಾಗೇ ಮಾಡಿರಬೇಕು.

ನೆರಳಿನ ಆಟ ಚೆನ್ನಾಗಿ ನಡೆಯುತ್ತಿದೆ. ಹೆಜ್ಜೆ ಹಾಕಿ ಅಳೆಯುತ್ತಾಳೆ. ನಿನ್ನೆ ನೆರಳು ಗಿಡ್ಡ ಆಯಿತು ಅಂತ ಗೊತ್ತಾದ ಕೂಡಲೇ ಮರಳಿನ ಮೇಲೆ ಅಂಗಾತ ಮಲಗಿ, "ಈಗ ಉದ್ದ ಮಾಡಿದೆ, ಆಡೋಣ" ಅಂದಳು. ವಾದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಎತ್ತಿಕೊಂಡು ಬಂದೆ.

ಒಂದು ಅನಾಹುತ. ಮಗ ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ಪುಟ 43ರ ಮೇಲೆ ಒತ್ತಿದ. ಎಣ್ಣೆ ಇಂಗಿ ಐದು ಬೆರಳಿನ ಆಕಾರದಲ್ಲಿ ಹಾಳೆ ಪಾರದರ್ಶಕ ಆಗಿಬಿಟ್ಟಿದೆ. ಅಡಿಯಲ್ಲಿರುವ ಪುಟ 45ರ ಅಕ್ಷರಗಳು ಅವನ ಅಂಗೈಯೊಳಗೆ ಕಾಣುತ್ತಿವೆ. ತಮಾಷೆ ಏನು ಗೊತ್ತಾ, ಅದನ್ನು ನೋಡುತ್ತಾ ಕೂತಾಗಲೇ ಒಂದೇ ವಾಕ್ಯ ಎರಡು ಪುಟದಲ್ಲೂ ಬಂದಿದೆ ಅಂತ ಗೊತ್ತಾಯಿತು. ನಾಲ್ಕು ಸಲ ಓದಿದ್ದೆ, ಸಿಕ್ಕಿರಲಿಲ್ಲ. ಒಂದನ್ನು ಹೊಡೆದುಹಾಕಿದೆ.

ಹಳೇಸೂಟ್‌ಕೇಸ್

ಆ ಹಾಳೆಯನ್ನು ಪ್ರಕಾಶಕರಿಗೆ ಕೊಡಬೇಡ ಮಗಳೇ. ಜೆರಾಕ್ಸ್ ಮಾಡಿಸಿ ಕೊಡು.

ಬಿಸಿಲುಮಗ

ನಿನ್ನೆ ಸಂಜೆ ನನ್ನ ತಂಗಿ ಮಗುವನ್ನು ಸ್ಟ್ರಾಲರ್‌ನಲ್ಲಿ ಹಾಕಿ ಮೇಲೆ ದುಪಟ್ಟಾ ಹೊದಿಸಿದ್ದಳು. ನಾನೇ ಹೋಗಿ ಎತ್ತಿದೆ. ಯಾಕೆ ಅಂದಳು, ಈ ಥ್ರೆಡ್ ತೋರಿಸಿದೆ. ಸಿಸ್ಟರ್‌ಗೆ ತಿಳಿಸೋಣ ಅಂತ ಬರೆದೆ ಅಷ್ಟೇ.

ರಾತ್ರಿಪಾಳಿ

😊 ಇವತ್ತಿನ ಪಾಳಿ ಚೆನ್ನಾಗಿ ಶುರುವಾಯಿತು.

ಮಸಿಕುಡಿಕೆ | 11ನೇ ದಿನ

ಇವತ್ತು ವಾಪಸ್ ಅಲ್ವಾ? 184 ಆಯಿತಾ?

ಕರಡುಪ್ರತಿ | 11ನೇ ದಿನ, ಸಂಜೆ 5:05

ವಿಮಾನ ನಿಲ್ದಾಣದಲ್ಲಿದ್ದೇವೆ. 171. ನಿನ್ನೆ ಬೆಳಗ್ಗೆ ಮಗ ನನಗಿಂತ ಮುಂಚೆ ಎದ್ದ, ಆ ಗಂಟೆ ಅವನಿಗೆ ಹೋಯಿತು. ಉಳಿದ 13 ವಿಮಾನದಲ್ಲಿ ಅಂದುಕೊಂಡಿದ್ದೇನೆ. ಇಳಿಯುವಾಗ ಕಿವಿ ಕಟ್ಟಬಾರದು ಅಂತ ಮಗನಿಗೆ ಹಾಲು ಕುಡಿಸಬೇಕು, ಆ ಅರ್ಧ ಗಂಟೆ ಲೆಕ್ಕಕ್ಕಿಲ್ಲ.

ಮಸಿಕುಡಿಕೆ

ಇಂಕ್ ಪೆನ್ನಾದರೆ ಪೂರ್ತಿ ತುಂಬಿಸಿ, ಇಲ್ಲ ಪೂರ್ತಿ ಖಾಲಿ ಮಾಡಿ. ಅರ್ಧ ಇದ್ದರೆ ಮೇಲೇರಿದಾಗ ಒಳಗಿನ ಗಾಳಿ ಹಿಗ್ಗಿ ಮಸಿ ಕಕ್ಕುತ್ತದೆ.

ಕರಡುಪ್ರತಿ

ಬರುವಾಗಲೇ ಕಕ್ಕಿತ್ತು, ಹೇಳಲು ಮರೆತೆ. ಈಗ ಪೆನ್ಸಿಲ್ ಇದೆ. ಮಗಳದು, ತುದಿ ಅಗಿದಿದ್ದಾಳೆ. ಕರೆಯುತ್ತಿದ್ದಾರೆ, ಹೊರಟೆವು. ಟೋಪಿ ಗಂಡನ ತಲೆ ಮೇಲಿದೆ.